ಕಾವೇರಿಯ ಲೆಕ್ಕದಲ್ಲಿ ಮಹಶೀರ್ ಮೀನಿನ ಪಾಲು

ಕಾವೇರಿ ಜಲವಿವಾದದ ಲೆಕ್ಕಪತ್ರದಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಅಂಕಿಯಿದೆ: 10 ಟಿಎಂಸಿ ಅಡಿ. ಕಾವೇರಿ ನ್ಯಾಯಮಂಡಳಿಯು 2007ರ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ಅಡಿ ನೀರನ್ನು ಹಂಚುವಾಗ, ಇಷ್ಟನ್ನು ಪರಿಸರ ರಕ್ಷಣೆಗೆಂದು ತೆಗೆದಿರಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿ ಅಡಿಗೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದ ಪ್ರಮಾಣವನ್ನು 192ರಿಂದ 177.25ಕ್ಕೆ ಇಳಿಸಿದಾಗಲೂ ಈ ಹತ್ತು ಟಿಎಂಸಿ ಹಾಗೆಯೇ ಉಳಿಯಿತು. ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ 2.5 ಟಿಎಂಸಿ ಅಡಿಯಂತೆ ಹರಿಯಬೇಕಾದ ನೀರು ಇದೇ.

ಈ ಪ್ರಮಾಣವನ್ನು ಕ್ಯೂಸೆಕ್‌ಗೆ ಪರಿವರ್ತಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ತಿಂಗಳಿಗೆ 2.5 ಟಿಎಂಸಿ ಎಂದರೆ ಸುಮಾರು 960 ಕ್ಯೂಸೆಕ್. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತದ ಯೋಜನೆ ಉದ್ಘಾಟನೆಗೊಂಡ ಬಳಿಕ, ಬೆಂಗಳೂರಿಗೆ ಕಾವೇರಿ ನೀರೆತ್ತುವ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಅಂದರೆ ಹೆಚ್ಚುಕಡಿಮೆ 910 ಕ್ಯೂಸೆಕ್. ಬೇಸಿಗೆಯಲ್ಲಿ ನದಿಗೆ ಬಿಟ್ಟ ಪಾಲೂ ಒಂದು ನಗರದ ನಲ್ಲಿ ನೀರೂ ಬಹುತೇಕ ಸಮನಾಗಿವೆ.

ಹೆಸರಿಲ್ಲದ ಮೀನು

ಈ ನೀರನ್ನು ನೆಚ್ಚಿಕೊಂಡ ಜೀವಿಗಳಲ್ಲಿ ಪ್ರಮುಖವಾದುದು ಕಾವೇರಿ ಕೊಳ್ಳಕ್ಕೆ ಮಾತ್ರ ಸೀಮಿತವಾದ, ಬೆನ್ನು ಉಬ್ಬಿದ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ ಕಬಿನಿಯಲ್ಲಿ ಸಿಕ್ಕ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಜಗತ್ತಿನ ಗಾಳಗಾರರಿಗೆಲ್ಲ ಪರಿಚಿತವಾಗಿದ್ದ ಈ ಮೀನಿಗೆ ಖಚಿತ ವೈಜ್ಞಾನಿಕ ಹೆಸರೇ ಇರಲಿಲ್ಲ ಎಂಬುದು ಸೋಜಿಗದ ಸಂಗತಿ. ಅದು 'ಟಾರ್ ರೆಮಾದೇವಿ' ಪ್ರಭೇದವೆಂದು ಸಂಶೋಧಕರು ತೋರಿಸಿಕೊಟ್ಟದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅದನ್ನು 'ತೀವ್ರ ಅಪಾಯದಂಚಿನ' ಪಟ್ಟಿಗೆ ಸೇರಿಸಿತು. ಹೆಸರಿಲ್ಲದ ಜೀವಿಗೆ ರಕ್ಷಣೆಯ ಪಟ್ಟಿಯಲ್ಲಿ ಜಾಗವಿಲ್ಲ; ಆ ವಿಳಂಬದ ಬೆಲೆಯನ್ನು ಮೀನು ತೆತ್ತಿದೆ.

ಮಹಶೀರ್‌ಗೆ ಆಮ್ಲಜನಕ ಸಮೃದ್ಧವಾದ ಹರಿಯುವ ನೀರು ಬೇಕು, ಬೇಸಿಗೆ ಕಳೆಯಲು ಬಂಡೆಗಳ ನಡುವಿನ ಆಳವಾದ ಮಡುಗಳು ಬೇಕು. ಮುಂಗಾರಿನ ನೀರು ಏರುತ್ತಿದ್ದಂತೆ ಅದು ನದಿಯ ಮೇಲ್ಭಾಗಕ್ಕೆ ಈಜಿ, ಮರಳುಗಲ್ಲಿನ ತಳದಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ವರ್ಷದ ಒಟ್ಟು ಟಿಎಂಸಿಗಿಂತ ನೀರು ಯಾವಾಗ, ಹೇಗೆ ಬರುತ್ತದೆ ಎಂಬುದು ಅದಕ್ಕೆ ಮುಖ್ಯ. ತೊಡಕು ಇರುವುದು ಇಲ್ಲಿಯೇ. ಕೃಷ್ಣರಾಜಸಾಗರ, ಕಬಿನಿ, ಹೇಮಾವತಿ, ಹಾರಂಗಿ ಜಲಾಶಯಗಳು ಮುಂಗಾರಿನ ಮೊದಲ ನೆರೆಯನ್ನೇ ಹಿಡಿದಿಡುತ್ತವೆ. ಮಂಡ್ಯದ ನಾಲೆಗಳಿಗೂ ಮೈಸೂರು, ಬೆಂಗಳೂರುಗಳ ನಲ್ಲಿಗಳಿಗೂ ಅದು ಅನಿವಾರ್ಯ. ಮುಂಗಾರು ಕೈಕೊಟ್ಟ 2023ರಲ್ಲಿ ಒಂದೊಂದು ಅಡಿ ನೀರಿಗೂ ಜಗಳ ನಡೆದದ್ದನ್ನು ರಾಜ್ಯ ಕಂಡಿದೆ. ಅಂಥ ವರ್ಷದಲ್ಲಿ ಮೀನಿನ ಪರ ಮಾತನಾಡುವುದು ಸುಲಭವಲ್ಲ.

ಆದರೂ ರೈತನ ನೀರು ಬೇರೆ, ಮೀನಿನ ನೀರು ಬೇರೆ ಎಂಬ ಭಾವನೆ ಪೂರ್ತಿ ನಿಜವಲ್ಲ. ಬಿಳಿಗುಂಡ್ಲು ದಾಟುವ 177.25 ಟಿಎಂಸಿ ಅಡಿ ನೀರು, ಮೆಟ್ಟೂರು ತಲುಪುವ ಮೊದಲು ಮಹಶೀರ್‌ನ ನೆಲೆಯಾದ ಕೊರಕಲಿನ ಮೂಲಕವೇ ಸಾಗುತ್ತದೆ. ಅದೇ ನೀರು ಮೀನನ್ನೂ ಪೊರೆದು ಬಳಿಕ ತಂಜಾವೂರಿನ ಗದ್ದೆಗೂ ಹರಿಯಬಲ್ಲದು. ವೇಳಾಪಟ್ಟಿ ಮಾತ್ರ ತಿಂಗಳ ಮೊತ್ತವನ್ನಷ್ಟೇ ಹೇಳುತ್ತದೆ. ಜೂನ್‌ನ 9.19 ಟಿಎಂಸಿ ಒಂದೇ ವಾರದಲ್ಲಿ ಬಂದರೂ ಲೆಕ್ಕ ಸರಿಹೋಗುತ್ತದೆ. ಗಂಗೆಯ ಮೇಲ್ಭಾಗಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಕ್ರಮ ಬೇರೆ: ಒಳಹರಿವಿನಲ್ಲಿ ಶುಷ್ಕ ಕಾಲಕ್ಕೆ ಶೇ 20, ಮಳೆಗಾಲಕ್ಕೆ ಶೇ 30 ಎಂದು ಋತುಮಾನಕ್ಕೆ ತಕ್ಕ ಪಾಲು ಅಲ್ಲಿದೆ.

ಮೇಕೆದಾಟು ಪ್ರಶ್ನೆ

67.16 ಟಿಎಂಸಿ ಅಡಿ ಸಾಮರ್ಥ್ಯದ ಮೇಕೆದಾಟು ಸಮತೋಲನ ಜಲಾಶಯದ ಪ್ರಸ್ತಾವ ಈ ವಾದವನ್ನು ಇನ್ನಷ್ಟು ಬಿಗಿಗೊಳಿಸಿದೆ. ಬೆಂಗಳೂರಿಗೆ 4.75 ಟಿಎಂಸಿ ಅಡಿ ಕುಡಿಯುವ ನೀರು, 400 ಮೆಗಾವಾಟ್ ವಿದ್ಯುತ್ ಅದರ ಉದ್ದೇಶ. ಮುಳುಗಡೆಯಾಗುವ ಸುಮಾರು 5,000 ಹೆಕ್ಟೇರಿನಲ್ಲಿ ಬಹುಪಾಲು ಅರಣ್ಯ, ಅದರಲ್ಲೂ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಭಾಗ. ತಮಿಳುನಾಡಿಗೆ ನಿಗದಿತ ನೀರು ತಪ್ಪದೆ ಬಿಡಲಾಗುವುದೆಂಬ ಕರ್ನಾಟಕದ ಭರವಸೆ ಅಕ್ಷರಶಃ ಪಾಲನೆಯಾದರೂ, ಅಣೆಕಟ್ಟೆಯ ಮೇಲಿನ ಹರಿಯುವ ನದಿ ಹಿನ್ನೀರಾಗುತ್ತದೆ. ಹಂಚಿಕೆಯ ಲೆಕ್ಕದಲ್ಲಿ ಈ ಬದಲಾವಣೆಗೆ ಅಂಕಣವೇ ಇಲ್ಲ.

ನೀರೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಮರಳು ಗಣಿಗಾರಿಕೆ, ಸಿಡಿಮದ್ದಿನ ಮೀನುಗಾರಿಕೆಯ ಜತೆಗೆ, ಸದುದ್ದೇಶದಿಂದ ಮಾಡಿದ ಕೆಲಸವೂ ಹಾನಿ ತಂದಿತು. 1970ರ ದಶಕದಿಂದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆಗಳನ್ನು ಪರಿಶೀಲಿಸಿದಾಗ, ಹೊರಗಿನಿಂದ ಬಂದ ಮೀನು ಹೆಚ್ಚುತ್ತ ಹೋಗಿ ಸ್ಥಳೀಯ ಮಹಶೀರ್ ಕುಸಿದದ್ದು ಕಂಡುಬಂತು. 2018ರ ಅಧ್ಯಯನಕ್ಕೆ ಮಾದರಿ ದೊರೆತದ್ದು ನೀಲಗಿರಿಯ ತಪ್ಪಲಿನ ಮೋಯಾರ್ ನದಿಯಲ್ಲಿ. ಆ ನದಿಯ ನೀರನ್ನೂ ಜಲವಿದ್ಯುತ್ ಕೇಂದ್ರಗಳೇ ನಿಯಂತ್ರಿಸುತ್ತಿವೆ.