ಮುಂಬಯಿಯ ಕಟ್ಟಡ ನಿಯಮಗಳು: ಹಳೆಯ ಕಟ್ಟಡಗಳ ನಿವಾಸಿಗಳು ಅರಿತಿರಬೇಕಾದ ವಿಷಯಗಳು

ಮುಂಬಯಿಯಲ್ಲಿ ಕಟ್ಟಡ ನಿಯಮಗಳು ಬದಲಾದಾಗಲೆಲ್ಲ ಎಫ್.ಎಸ್.ಐ. ಎಷ್ಟು ಹೆಚ್ಚಿತು, ಚದರಡಿಯ ಬೆಲೆ ಎಷ್ಟಾದೀತು ಎಂಬ ಮಾತುಗಳೇ ಹೆಚ್ಚಾಗಿ ಕೇಳಿಬರುತ್ತವೆ. ಆದರೆ ಈ ನಿಯಮಗಳು ಹುಟ್ಟಿದ್ದು ನಿವಾಸಿಗಳ ಪ್ರಾಣರಕ್ಷಣೆಗಾಗಿ. ಈ ನಗರದಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿ ಅನೇಕರ ವಾಸ ಇಂದಿಗೂ ಮೂವತ್ತು, ಐವತ್ತು ವರ್ಷ ಹಳೆಯದಾದ ಕಟ್ಟಡಗಳಲ್ಲಿಯೇ. ಹೊಸ ನಿಯಮ ಹೊಸ ಕಟ್ಟಡವನ್ನು ತಾನಾಗಿಯೇ ಬಂಧಿಸುತ್ತದೆ. ಹಳೆಯ ಕಟ್ಟಡದೊಳಗೆ ಅದು ತಾನಾಗಿ ಪ್ರವೇಶಿಸುವುದಿಲ್ಲ. ಅಲ್ಲಿ ವಾಸಿಸುವವರೇ ಬಾಗಿಲು ತೆರೆಯಬೇಕು. ಆ ಬಾಗಿಲುಗಳು ಯಾವುವು ಎಂಬುದನ್ನು ಒಂದೆಡೆ ಕ್ರೋಡೀಕರಿಸಿ ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಂಕಿ, ಪ್ಲೇಗು ಮತ್ತು ಮೊದಲ ನಿಯಮಗಳು

ಮುಂಬಯಿಯ ಕಟ್ಟಡ ನಿಯಮಗಳ ಇತಿಹಾಸವೆಂದರೆ ಬಹುಮಟ್ಟಿಗೆ ದುರಂತಗಳ ಇತಿಹಾಸ. 1803ರಲ್ಲಿ ಕೋಟೆ ಪ್ರದೇಶದಲ್ಲಿ ಹಬ್ಬಿದ ಬೆಂಕಿಗೆ ಒತ್ತೊತ್ತಾಗಿ ನಿಂತಿದ್ದ ಮನೆಗಳ ದೊಡ್ಡ ಭಾಗವೇ ಆಹುತಿಯಾಯಿತು. 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯಿದೆ, ಅನೇಕ ತಿದ್ದುಪಡಿಗಳೊಡನೆ, ಇಂದಿಗೂ ಪಾಲಿಕೆಯ ಅಧಿಕಾರಕ್ಕೆ ಆಧಾರವಾಗಿದೆ. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಗಾಳಿ ಬೆಳಕಿಲ್ಲದ ಚಾಳುಗಳ ಅಪಾಯವನ್ನು ಆಡಳಿತಕ್ಕೆ ಮನಗಾಣಿಸಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಕಟ್ಟಡದ ಎತ್ತರಕ್ಕೂ ಅದರ ಮುಂದಿನ ತೆರವಿಗೂ ಅರವತ್ತಮೂರೂವರೆ ಡಿಗ್ರಿ ಕೋನದ ಸಂಬಂಧವಿರಬೇಕೆಂಬ ಸೂತ್ರವನ್ನು ಈ ಟ್ರಸ್ಟ್ ಬಳಕೆಗೆ ತಂದಿತು. ಸರಳವಾಗಿ ಹೇಳುವುದಾದರೆ, ಎತ್ತರದ ಅರ್ಧದಷ್ಟಾದರೂ ತೆರೆದ ಜಾಗವಿರಬೇಕು. ದಕ್ಷಿಣ ಭಾರತೀಯರು ಬಹುಸಂಖ್ಯೆಯಲ್ಲಿ ನೆಲೆಸಿದ ಮಾಟುಂಗಾದ ವಿಶಾಲ ಬೀದಿಗಳೂ ಈ ಟ್ರಸ್ಟಿನ ಯೋಜನೆಯ ಫಲವೇ.

1967ರಿಂದ 2018ರವರೆಗೆ

ಸ್ವಾತಂತ್ರ್ಯಾನಂತರ ನಗರದ ಮೊದಲ ಅಭಿವೃದ್ಧಿ ಯೋಜನೆಯೊಡನೆ 1967ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಬಂದವು. ಅವುಗಳ ಸ್ಥಾನದಲ್ಲಿ 1991ರ ಮಾರ್ಚ್ 25ರಿಂದ ಹೊಸ ನಿಯಮಾವಳಿ ಜಾರಿಗೆ ಬಂದು ಇಪ್ಪತ್ತೇಳು ವರ್ಷಗಳ ಕಾಲ ನಗರವನ್ನು ಆಳಿತು. ದ್ವೀಪನಗರದಲ್ಲಿ ಮೂಲ ಎಫ್.ಎಸ್.ಐ. 1.33, ಉಪನಗರಗಳಲ್ಲಿ ಬಹುತೇಕ 1.00 ಎಂಬ ಪರಿಚಿತ ಲೆಕ್ಕ ಆ ಕಾಲದ್ದು. ಎಫ್.ಎಸ್.ಐ. ಎಂದರೆ ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿದರೆ ಎಲ್ಲ ಮಾಳಿಗೆಗಳೂ ಸೇರಿ ಎಷ್ಟು ಪಟ್ಟು ಕಟ್ಟಬಹುದು ಎಂಬ ಪ್ರಮಾಣ. 2034ರವರೆಗಿನ ಅಭಿವೃದ್ಧಿ ಯೋಜನೆಗೂ ಅದರ ನಿಯಮಾವಳಿಗೂ ರಾಜ್ಯ ಸರಕಾರ 2018ರ ಮೇ 8ರಂದು ಮಂಜೂರಾತಿ ನೀಡಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂದಿತು.

ಇದರೊಡನೆ ರಾಷ್ಟ್ರಮಟ್ಟದ ಇನ್ನೊಂದು ಗ್ರಂಥವನ್ನೂ ಹೆಸರಿಸಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಈ ಸಂಹಿತೆ ಸ್ವತಃ ಕಾನೂನಲ್ಲ, ಶಿಫಾರಸು ಮಾತ್ರ. ಸ್ಥಳೀಯ ನಿಯಮಾವಳಿ ಅದನ್ನು ಅಂಗೀಕರಿಸಿದಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಕೆಳಗೆ ವಾಹನ ನಿಲುಗಡೆಗಾಗಿ ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಂತ ಕಟ್ಟಡಗಳ ದೌರ್ಬಲ್ಯ ಆಗ ಎದ್ದುಕಂಡಿತು. ಮರುವರ್ಷವೇ, 2002ರಲ್ಲಿ, ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕ ಪರಿಷ್ಕೃತವಾಯಿತು. ಅದರ ನಕ್ಷೆಯಲ್ಲಿ ಮುಂಬಯಿ ಮೂರನೆಯ ವಲಯದಲ್ಲಿತ್ತು. ಆದರೆ 1970 ಅಥವಾ 1980ರ ದಶಕದಲ್ಲಿ ಕಟ್ಟಿದ ಮನೆ ನಿಂತಿರುವುದು ಆ ಕಾಲದ ಲೆಕ್ಕಾಚಾರದ ಮೇಲೆಯೇ ಎಂಬುದನ್ನು ಮರೆಯಲಾಗದು.

ಸೆಸ್ ಕಟ್ಟಡಗಳು

ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳದ್ದು ಬೇರೆಯೇ ಕಥೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಬಾಡಿಗೆ ಹೆಚ್ಚಿಸಲಾಗದ ಮಾಲೀಕರು ದುರಸ್ತಿಯನ್ನು ಕೈಬಿಟ್ಟರು. ಬಾಡಿಗೆದಾರರು ತಮ್ಮದಲ್ಲದ ಕಟ್ಟಡಕ್ಕೆ ಹಣ ಹಾಕಲಿಲ್ಲ. ಕಟ್ಟಡಗಳು ಕುಸಿಯತೊಡಗಿದಾಗ 1969ರ ಕಾಯಿದೆಯ ಮೂಲಕ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿ ಅಸ್ತಿತ್ವಕ್ಕೆ ಬಂದಿತು. ಮುಂದೆ ಅದು ಮ್ಹಾಡಾದಲ್ಲಿ ವಿಲೀನವಾಯಿತು. ಸೆಸ್ ಪಾವತಿಸುವ ಈ ಕಟ್ಟಡಗಳ ಸಂಖ್ಯೆ ಆರಂಭದಲ್ಲಿ 19,642. 1940ರ ಸೆಪ್ಟೆಂಬರಿಗೆ ಮೊದಲಿನವು ‘ಎ’, ಅಲ್ಲಿಂದ 1950ರವರೆಗಿನವು ‘ಬಿ’, 1951ರಿಂದ 1969ರ ಸೆಪ್ಟೆಂಬರ್‌ವರೆಗಿನವು ‘ಸಿ’ ವರ್ಗ. ಇವುಗಳ ಪುನರ್ನಿರ್ಮಾಣಕ್ಕೆ 2018ರ ನಿಯಮಾವಳಿಯ 33(7) ನಿಯಮ ಅನ್ವಯಿಸುತ್ತದೆ. ಅದರ ಪ್ರಕಾರ ಎಷ್ಟೇ ಚಿಕ್ಕ ಖೋಲಿಯಲ್ಲಿದ್ದ ಬಾಡಿಗೆದಾರನಿಗೂ ಕನಿಷ್ಠ 27.88 ಚದರ ಮೀಟರ್, ಅಂದರೆ 300 ಚದರಡಿ ಕಾರ್ಪೆಟ್ ವಿಸ್ತೀರ್ಣದ ಮನೆ ಸಲ್ಲಬೇಕು.

ಮೂವತ್ತು ವರ್ಷ ದಾಟಿದ ಕಟ್ಟಡ

ಸೆಸ್ ಇರಲಿ, ಸಹಕಾರಿ ಸೊಸೈಟಿ ಇರಲಿ, ಕಟ್ಟಡಕ್ಕೆ ವಯಸ್ಸಾದಂತೆ ಒಂದು ಕರ್ತವ್ಯ ಎದುರಾಗುತ್ತದೆ. ಪಾಲಿಕೆ ಕಾಯಿದೆಯ 353-ಬಿ ಕಲಮಿನಂತೆ ಮೂವತ್ತು ವರ್ಷ ತುಂಬಿದ ಕಟ್ಟಡವನ್ನು ಪಾಲಿಕೆಯಲ್ಲಿ ನೋಂದಾಯಿತರಾದ ಸ್ಟ್ರಕ್ಚರಲ್ ಇಂಜಿನಿಯರರಿಂದ ಪರೀಕ್ಷಿಸಿ ಸ್ಥಿರತಾ ಪ್ರಮಾಣಪತ್ರ ಸಲ್ಲಿಸಬೇಕು. ಸಹಕಾರಿ ಸೊಸೈಟಿಗಳ ಮಾದರಿ ಉಪವಿಧಿಗಳು ಇನ್ನೂ ಕಟ್ಟುನಿಟ್ಟು: ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್.

ಹೊರಗಿನ ಬಣ್ಣ ಚೆನ್ನಾಗಿರುವಾಗ ಈ ಖರ್ಚೇಕೆ ಎಂದು ಕೇಳುವವರಿದ್ದಾರೆ. ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಬ್ಬಿಣವನ್ನು ಕಾಪಾಡುತ್ತದೆ. ಕಾಲಕ್ರಮದಲ್ಲಿ ಗಾಳಿಯ ಇಂಗಾಲದ ಡೈ ಆಕ್ಸೈಡ್ ಆ ಗುಣವನ್ನು ಕುಂದಿಸುತ್ತದೆ. ಕಡಲ ಗಾಳಿಯ ಉಪ್ಪು ಮತ್ತು ಮಳೆಯ ತೇವ ಒಳಸೇರುತ್ತವೆ. ಕಬ್ಬಿಣ ತುಕ್ಕು ಹಿಡಿದಾಗ ಅದರ ಗಾತ್ರ ಹಿಗ್ಗಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಛಾವಣಿಯಿಂದ ಉದುರುವ ಹೊಪ್ಪಳಿಕೆ, ಕಂಬದುದ್ದಕ್ಕೆ ಕಾಣುವ ನೇರ ಬಿರುಕು ಇವೆಲ್ಲ ಈ ಒಳರೋಗದ ಚಿಹ್ನೆಗಳು. ಮೇಲೆ ಗಿಲಾವು ಮಾಡಿ ಬಣ್ಣ ಬಳಿದರೆ ಚಿಹ್ನೆ ಮರೆಯಾಗುತ್ತದೆ, ರೋಗವಲ್ಲ. ಆದುದರಿಂದ ಆಡಿಟ್ ಎಂದರೆ ಕಣ್ಣಳತೆಯ ಸುತ್ತಾಟ ಆಗಬಾರದು. ಕಾಂಕ್ರೀಟಿನ ಮೇಲ್ಮೈ ಗಟ್ಟಿತನವನ್ನು ಅಳೆಯುವ ಸುತ್ತಿಗೆ ಪರೀಕ್ಷೆ, ಶಬ್ದಾತೀತ ತರಂಗ ಪರೀಕ್ಷೆ, ತುಕ್ಕಿನ ಸಾಧ್ಯತೆಯನ್ನು ತಿಳಿಸುವ ವಿದ್ಯುತ್ ಪರೀಕ್ಷೆ, ಕಾಂಕ್ರೀಟಿನ ತುಂಡು ಕೊರೆದು ತೆಗೆದು ಮಾಡುವ ಪರೀಕ್ಷೆ ಇವುಗಳ ಫಲಿತಾಂಶ ವರದಿಯಲ್ಲಿರಬೇಕೆಂದು ಸದಸ್ಯರು ಕೇಳಬೇಕು.

ವರದಿಯ ಮೇರೆಗೆ ಕಟ್ಟಡವನ್ನು ಹೀಗೆ ವರ್ಗೀಕರಿಸಲಾಗುತ್ತದೆ:

ಸಿ-1: ವಾಸಕ್ಕೆ ಅಪಾಯಕಾರಿ, ಕೂಡಲೇ ತೆರವುಗೊಳಿಸಿ ಕೆಡವಬೇಕು.
ಸಿ-2ಎ: ಭಾಗಶಃ ತೆರವು ಮಾಡಿ ದೊಡ್ಡ ದುರಸ್ತಿ ಮಾಡಬೇಕು.
ಸಿ-2ಬಿ: ತೆರವಿಲ್ಲದೆ ರಚನಾತ್ಮಕ ದುರಸ್ತಿ ಮಾಡಬೇಕು.
ಸಿ-3: ಸಣ್ಣಪುಟ್ಟ ದುರಸ್ತಿ ಸಾಕು.

ಮಾಲೀಕರ ವರದಿ ಒಂದು ಬಗೆ, ಬಾಡಿಗೆದಾರರ ವರದಿ ಇನ್ನೊಂದು ಬಗೆಯಾದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿ ಪರಿಶೀಲಿಸಿ ನಿರ್ಧರಿಸುತ್ತದೆ. ಮನೆ ಖಾಲಿ ಮಾಡಿಸಲೆಂದೇ ಸಿ-1 ವರದಿ ತರಿಸಲಾಗಿದೆ ಎಂದು ಸಂಶಯಿಸುವವರು ಈ ಸಮಿತಿಯ ಮುಂದೆ ಹೋಗಬಹುದು.

ತೆರವು ಮಾಡಿದರೆ ಹಕ್ಕು ಹೋಗುವುದೇ?

ಜನರು ಅಪಾಯವನ್ನು ಅರಿತೂ ಮನೆ ಬಿಡದಿರಲು ಮುಖ್ಯ ಕಾರಣ ಈ ಭಯವೇ. ಪಗಡಿ ಕೊಟ್ಟು ಅಜ್ಜನ ಕಾಲದಲ್ಲಿ ಹಿಡಿದ ಮನೆಯನ್ನು ಒಮ್ಮೆ ಬಿಟ್ಟರೆ ಮತ್ತೆ ಸಿಗುವುದೇ ಎಂಬ ಆತಂಕ ಅಕಾರಣವಾದುದಲ್ಲ. ತಾತ್ಕಾಲಿಕ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ ಕುಟುಂಬಗಳು ಈ ನಗರದಲ್ಲಿವೆ. ಆದರೆ ಕಾನೂನಿನ ನಿಲುವು ಸ್ಪಷ್ಟವಾಗಿದೆ. ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ನಾಶವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ, ಮಹಾರಾಷ್ಟ್ರದ್ದೇ ಆದ ಒಂದು ಪ್ರಕರಣದಲ್ಲಿ ತೀರ್ಪಿತ್ತಿದೆ. ಶಿಥಿಲ ಕಟ್ಟಡಗಳ ತೆರವಿನ ಬಗ್ಗೆ ಮುಂಬಯಿ ಉಚ್ಚ ನ್ಯಾಯಾಲಯವೂ ಅದೇ ವರ್ಷ ಮಾರ್ಗಸೂಚಿಗಳನ್ನು ನೀಡಿತು. 354ನೆಯ ಕಲಮಿನ ನೋಟೀಸು ಬಂದಾಗ ಪ್ರತಿಯೊಬ್ಬ ನಿವಾಸಿಯೂ ತನ್ನ ಹೆಸರು ಮತ್ತು ಜಾಗದ ಅಳತೆ ಪಾಲಿಕೆಯ ದಾಖಲೆಯಲ್ಲಿ ಸೇರಿದೆಯೇ ಎಂದು ನೋಡಿಕೊಂಡು ಅದರ ಪ್ರತಿ ಪಡೆಯಬೇಕು. ಬಾಡಿಗೆ ರಸೀದಿ, ವಿದ್ಯುತ್ ಬಿಲ್ಲು, ರೇಷನ್ ಕಾರ್ಡುಗಳ ಪ್ರತಿಗಳನ್ನು ಬೇರೆಡೆ ಕಾದಿಡಬೇಕು. ಹಕ್ಕನ್ನು ಉಳಿಸುವುದು ಈ ಕಾಗದಗಳು. ಬಿರುಕು ಬಿಟ್ಟ ಗೋಡೆಯ ನಡುವೆ ಕುಳಿತಿರುವುದರಿಂದ ಹಕ್ಕು ಬಲವಾಗುವುದಿಲ್ಲ.

ತಡಮಾಡಿದುದರ ಬೆಲೆ ಏನೆಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. 2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರೋಡ್ ಬಳಿ ಪಾಲಿಕೆಯ ನೌಕರರೇ ವಾಸವಿದ್ದ ಕಟ್ಟಡ ಕುಸಿದು 61 ಮಂದಿ ಸತ್ತರು. 2017ರ ಜುಲೈ 25ರಂದು ಘಾಟ್‌ಕೋಪರಿನಲ್ಲಿ ನೆಲ ಅಂತಸ್ತಿನ ಭಾಗದಲ್ಲಿ ನವೀಕರಣ ನಡೆಯುತ್ತಿದ್ದ ಕಟ್ಟಡ ಬಿದ್ದು 17 ಮಂದಿ ಅಸುನೀಗಿದರು. ಘಾಟ್‌ಕೋಪರಿನ ಪಾಠ ಪ್ರತಿಯೊಂದು ಸೊಸೈಟಿಗೂ ಸಂಬಂಧಿಸಿದ್ದು: ಒಬ್ಬ ಸದಸ್ಯ ತನ್ನ ಮನೆಯೊಳಗಿನ ಕಂಬ, ತೊಲೆಗಳಿಗೆ ಕೈಹಾಕಿದರೆ ಅಪಾಯ ಎಲ್ಲ ಮಾಳಿಗೆಗಳಿಗೂ. ಅಂಥದನ್ನು ಕಂಡೂ ದಾಕ್ಷಿಣ್ಯಕ್ಕೆ ಸುಮ್ಮನಿರುವುದು ನೆರೆಹೊರೆಯ ಧರ್ಮವಲ್ಲ.

ಅಗ್ನಿ ಸುರಕ್ಷತೆ

2006ರ ಮಹಾರಾಷ್ಟ್ರ ಅಗ್ನಿ ನಿವಾರಣೆ ಮತ್ತು ಜೀವರಕ್ಷಣಾ ಉಪಾಯಗಳ ಕಾಯಿದೆ ಹೊಣೆಯನ್ನು ಮಾಲೀಕ ಅಥವಾ ನಿವಾಸಿಯ ಮೇಲೆಯೇ ಹೊರಿಸಿದೆ. ಅದರ ವ್ಯಾಪ್ತಿಗೆ ಬರುವ ಕಟ್ಟಡಗಳಲ್ಲಿ ಅಳವಡಿಸಿದ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೆಂದು ಪರವಾನಗಿ ಪಡೆದ ಸಂಸ್ಥೆಯಿಂದ ನಮೂನೆ ‘ಬಿ’ ಪ್ರಮಾಣಪತ್ರವನ್ನು ಪ್ರತಿವರ್ಷ ಜನವರಿ ಮತ್ತು ಜುಲೈ ತಿಂಗಳಲ್ಲಿ ಸಲ್ಲಿಸಬೇಕು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಈ ಪತ್ರವನ್ನು ತೋರಿಸಿರೆಂದು ಕೇಳಲು ಯಾವ ಸದಸ್ಯನೂ ಸಂಕೋಚಪಡಬೇಕಾಗಿಲ್ಲ. 2018ರ ಆಗಸ್ಟ್ 22ರಂದು ಪರೇಲಿನ ಬಹುಮಹಡಿ ಕಟ್ಟಡವೊಂದರ ಬೆಂಕಿಯಲ್ಲಿ ನಾಲ್ವರು ಸತ್ತಾಗ ಆ ಕಟ್ಟಡಕ್ಕೆ ವಾಸಯೋಗ್ಯತಾ ಪ್ರಮಾಣಪತ್ರವೇ ಇರಲಿಲ್ಲವೆಂಬುದು ಬೆಳಕಿಗೆ ಬಂದಿತು. ಮನೆ ಕೊಳ್ಳುವ ನಮ್ಮ ಮುಂದಿನ ತಲೆಮಾರು ಮೊದಲು ಕೇಳಬೇಕಾದ ಕಾಗದ ಅದು.

ಉಪಾಹಾರ ಗೃಹಗಳ ಉದ್ಯಮದಲ್ಲಿ ಕನ್ನಡಿಗರ ಪಾಲು ದೊಡ್ಡದಾದುದರಿಂದ ಇನ್ನೊಂದು ಮಾತು. 2015ರ ಅಕ್ಟೋಬರಿನಲ್ಲಿ ಕುರ್ಲಾದ ಹೋಟೆಲೊಂದರಲ್ಲಿ ಅಡುಗೆ ಅನಿಲದ ಬೆಂಕಿಗೆ ಎಂಟು ಮಂದಿ ಬಲಿಯಾದರು. 2017ರ ಡಿಸೆಂಬರ್ 18ರಂದು ಸಾಕಿನಾಕಾದ ಫರ್ಸಾಣ್ ಅಂಗಡಿಯ ಬೆಂಕಿಯಲ್ಲಿ 12 ಕಾರ್ಮಿಕರು ಸತ್ತರು. ಅವರು ಅಟ್ಟದ ಮೇಲೆ ಮಲಗಿದ್ದವರು. ಹನ್ನೊಂದೇ ದಿನಗಳ ಬಳಿಕ ಕಮಲಾ ಮಿಲ್ಸ್ ಆವರಣದ ಮೇಲ್ಛಾವಣಿಯ ಹೋಟೆಲುಗಳ ಬೆಂಕಿ 14 ಜೀವಗಳನ್ನು ತೆಗೆದುಕೊಂಡಿತು. ಊರಿನಿಂದ ಬಂದ ಹುಡುಗರು ಹೋಟೆಲಿನಲ್ಲಿಯೇ ದುಡಿದು ಅಲ್ಲಿಯೇ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಪರಂಪರೆ ನಮ್ಮದು. ಆ ಪರಂಪರೆಯನ್ನು ಗೌರವಿಸುತ್ತಲೇ ಹೇಳಬೇಕು: ಒಂದೇ ಏಣಿಯ ಅಟ್ಟ ಮಲಗುವ ಸ್ಥಳವಲ್ಲ. ಜಿಡ್ಡು ಕಟ್ಟಿದ ಚಿಮಣಿ, ದಾರಿಯಲ್ಲಿಟ್ಟ ಸಿಲಿಂಡರು, ಬೀಗ ಹಾಕಿದ ಹಿಂಬಾಗಿಲು ಇವು ತಪಾಸಣೆಯ ದಿನ ಮಾತ್ರ ಸರಿಪಡಿಸುವ ವಿಷಯಗಳಲ್ಲ. ಮನೆಗಳಲ್ಲೂ ಅಷ್ಟೇ: ಮೆಟ್ಟಿಲ ಬಳಿ ಪೇರಿಸಿದ ಹಳೆಯ ಸಾಮಾನು, ತೆರೆಯಲು ಬಾರದ ಕಿಟಕಿಯ ಜಾಲರಿ, ಬೇರೆ ಬಳಕೆಗೆ ಮುಚ್ಚಿದ ಆಶ್ರಯ ಮಾಳಿಗೆ ಇವು ಹೊಗೆ ತುಂಬಿದ ರಾತ್ರಿಯಲ್ಲಿ ಪ್ರಾಣಕ್ಕೆ ಎರವಾಗುತ್ತವೆ.

ಪುನರ್ನಿರ್ಮಾಣದ ದಾರಿ

ದುರಸ್ತಿಯಿಂದ ಸರಿಹೋಗದ ಕಟ್ಟಡಕ್ಕೆ ಉಳಿಯುವ ಮಾರ್ಗ ಪುನರ್ನಿರ್ಮಾಣ. ಸಹಕಾರಿ ಸೊಸೈಟಿಗಳಿಗೆ ರಾಜ್ಯ ಸರಕಾರ 2019ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಿಶೇಷ ಸಭೆಗೆ ಒಟ್ಟು ಸದಸ್ಯರಲ್ಲಿ ಮೂರನೆಯ ಎರಡು ಭಾಗ ಹಾಜರಿರಬೇಕು, ನಿರ್ಧಾರಕ್ಕೆ ಒಟ್ಟು ಸದಸ್ಯರ ಶೇಕಡಾ 51ರ ಒಪ್ಪಿಗೆ ಬೇಕು ಮತ್ತು ಸಭೆಯ ಚಿತ್ರೀಕರಣವಾಗಬೇಕು. 2018ರ ನಿಯಮಾವಳಿಯ 33(7-ಬಿ) ನಿಯಮ ಇಂಥ ಸೊಸೈಟಿಗಳಿಗೆ ಇರುವ ವಿಸ್ತೀರ್ಣದ ಶೇಕಡಾ 15 ಅಥವಾ ಪ್ರತಿ ಮನೆಗೆ 10 ಚದರ ಮೀಟರ್, ಇವುಗಳಲ್ಲಿ ಹೆಚ್ಚಿನದನ್ನು ಪ್ರೋತ್ಸಾಹವಾಗಿ ನೀಡುತ್ತದೆ. ಹೆಚ್ಚು ಚದರಡಿ ಕೊಡುವ ಬಿಲ್ಡರನೇ ಉತ್ತಮನೆಂದು ತೀರ್ಮಾನಿಸುವ ಮೊದಲು ಆತ ಹಿಂದೆ ಮುಗಿಸಿದ ಕೆಲಸಗಳು, ಬ್ಯಾಂಕ್ ಗ್ಯಾರಂಟಿ, ತಾತ್ಕಾಲಿಕ ವಸತಿಯ ಬಾಡಿಗೆಯ ಭದ್ರತೆ ಇವುಗಳನ್ನು ನಮ್ಮವರೇ ಆದ ಇಂಜಿನಿಯರರು, ವಕೀಲರೊಡನೆ ಸಮಾಲೋಚಿಸಿ ನೋಡುವುದು ವಿವೇಕ.

ನಿಯಮ ಪುಸ್ತಕ ಇನ್ನೂ ಹಲವು ಬಾರಿ ಪರಿಷ್ಕೃತವಾಗಲಿದೆ. ಅದು ನಮ್ಮ ಮನೆಗೆ ತಲುಪುವುದು ಮಾತ್ರ ಸೊಸೈಟಿಯ ಸಭೆಯ ಮೂಲಕ. ‘ಆಡಿಟ್ ಯಾವಾಗ ಆಯಿತು, ವರದಿಯಲ್ಲಿ ಏನಿದೆ, ನಮೂನೆ ಬಿ ಎಲ್ಲಿದೆ’ ಎಂಬ ಮೂರು ಪ್ರಶ್ನೆಗಳನ್ನು ಮುಂದಿನ ಸಭೆಯಲ್ಲಿ ಕೇಳುವಂತೆ ನಮ್ಮ ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ. ಮಳೆಗಾಲಕ್ಕೆ ಮೊದಲೇ ಕೇಳಿದರೆ ಇನ್ನೂ ಒಳಿತು.