ಹಳೆಯ ಜಾವಾ, ಯೆಜ್ಡಿ ಎಂಜಿನ್ ಕವರ್: ಬಿಚ್ಚುವ ಮತ್ತು ಸೋರದಂತೆ ಮುಚ್ಚುವ ಕ್ರಮ

ಚಳ್ಳಕೆರೆಯಿಂದ ತಳಕು, ಬಿ.ಜಿ.ಕೆರೆ, ಹಾನಗಲ್ ಮಾರ್ಗವಾಗಿ ಮೊಳಕಾಲ್ಮುರಿಗೆ ಸಾಗುವ ದಾರಿ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಸೀಮೆಯದು. ಶೇಂಗಾ ಹೊಲ, ಕುರುಚಲು ಕಾವಲು, ಬೇಸಿಗೆಯಲ್ಲಿ ಏಳುವ ಕೆಂಧೂಳು ಇಲ್ಲಿನ ನಿತ್ಯದ ನೋಟ. ಇಂತಹ ದಾರಿಯಲ್ಲಿ ಓಡಿದ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್‌ನಿಂದ ಎಣ್ಣೆ ಜಿನುಗುತ್ತಿದ್ದರೆ ಅದನ್ನು ಬೇರೆಯಾಗಿ ಹೇಳಬೇಕಿಲ್ಲ. ಎಣ್ಣೆ ಪಸೆಗೆ ಧೂಳು ಅಂಟಿ, ಎಂಜಿನ್‌ನ ತಳಭಾಗವೆಲ್ಲ ಕಪ್ಪು ಕೆಸರಿನಂತೆ ಗಟ್ಟಿಯಾಗಿರುತ್ತದೆ. ಗಾಣ ಮತ್ತು ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯಲ್ಲಿ ಎಣ್ಣೆ ಸಮೃದ್ಧಿಯ ಗುರುತು. ಬೈಕಿನ ಕೆಳಗೆ ನೆಲದ ಮೇಲೆ ಬಿದ್ದ ಎಣ್ಣೆ ಮಾತ್ರ ರಿಪೇರಿಯ ಸೂಚನೆ.

ಹಳೆಯ ಜಾವಾ ಮತ್ತು ಯೆಜ್ಡಿ ಬೈಕುಗಳ ಎಂಜಿನ್ ಕವರ್ ಬಿಚ್ಚಿ ಪುನಃ ಮುಚ್ಚುವ ಕೆಲಸ ಮೇಲ್ನೋಟಕ್ಕೆ ಸರಳ. ನಾಲ್ಕಾರು ಸ್ಕ್ರೂ ತೆಗೆದು, ಹೊಸ ಪ್ಯಾಕಿಂಗ್ ಕೂರಿಸಿ, ಮತ್ತೆ ಬಿಗಿದರೆ ಮುಗಿಯಿತು ಎಂಬುದು ಸಾಮಾನ್ಯ ಭಾವನೆ. ಆದರೆ ಈ ಬೈಕುಗಳ ಮೂಲ ಕವರ್‌ಗಳು ಹಾಳಾಗಿರುವುದು ಬಹುಪಾಲು ಇದೇ ಕೆಲಸದಲ್ಲಿ. ಪ್ಯಾಕಿಂಗ್ ಕೆಲವೇ ರೂಪಾಯಿಗೆ ಸಿಗುತ್ತದೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕವರ್ ಮತ್ತೆ ತಯಾರಾಗುವುದಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಕೈಹಾಕುವುದು ಯುಕ್ತ.

ಹಿನ್ನೆಲೆ

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಸಂಸ್ಥೆ. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಅದನ್ನು ಸ್ಥಾಪಿಸಿದರು. ಅದರ ಪರವಾನಗಿ ಪಡೆದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರಂಭವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಕಾರ್ಖಾನೆಯನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರಿನ ಬದಲು ಯೆಜ್ಡಿ ಎಂಬ ಹೆಸರು ಬಂತು. ರೋಡ್‌ಕಿಂಗ್, ಕ್ಲಾಸಿಕ್ ಮುಂತಾದ ಮಾದರಿಗಳು ಈ ಹೆಸರಿನಲ್ಲೇ ರಸ್ತೆಗಿಳಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಆ ಹೊಸ ಬೈಕುಗಳಲ್ಲಿರುವುದು ದ್ರವದಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಇಲ್ಲಿ ವಿವರಿಸುವ ಕ್ರಮ ಮೈಸೂರಿನಲ್ಲಿ ತಯಾರಾದ ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.

ಎರಡು ಕವರ್, ಎರಡು ಸ್ವಭಾವ

250 ಸಿ.ಸಿ. ಜಾವಾ ಮತ್ತು ಯೆಜ್ಡಿಗಳ ಮೊಟ್ಟೆಯಾಕಾರದ ಎಂಜಿನ್‌ಗೆ ಎರಡು ಪಕ್ಕದಲ್ಲೂ ಅಲ್ಯೂಮಿನಿಯಂ ಕವರ್‌ಗಳಿವೆ. ಎಡಗಡೆಯ ಕವರ್‌ನ ಒಳಗೆ ಕ್ಲಚ್ ಮತ್ತು ಪ್ರೈಮರಿ ಚೈನ್ ಎಣ್ಣೆಯಲ್ಲಿ ಓಡುತ್ತವೆ. ಗೇರ್‌ಬಾಕ್ಸ್‌ನ ಎಣ್ಣೆಯೇ ಇಲ್ಲಿಗೂ ಹರಿಯುತ್ತದೆ. ಕಿಕ್ ಹೊಡೆಯಲು ಮತ್ತು ಗೇರ್ ಬದಲಿಸಲು ಒಂದೇ ಲಿವರ್ ಇರುವುದು ಈ ಬೈಕುಗಳ ವೈಶಿಷ್ಟ್ಯ. ಆ ಲಿವರ್‌ನ ಶಾಫ್ಟ್ ಹೊರಬರುವುದೂ ಈ ಕವರ್‌ನ ಮೂಲಕವೇ. ಆದ್ದರಿಂದ ಎಣ್ಣೆ ಸೋರಲು ಇಲ್ಲಿ ಎರಡು ದಾರಿಗಳಿವೆ: ಕವರ್‌ನ ಅಂಚು ಮತ್ತು ಶಾಫ್ಟ್‌ನ ರಂಧ್ರ.

ಬಲಗಡೆಯ ಕವರ್‌ನ ಒಳಗಿರುವುದು ವಿದ್ಯುತ್ ಉತ್ಪಾದಿಸುವ ಭಾಗ ಮತ್ತು ಇಗ್ನಿಷನ್ ಪಾಯಿಂಟ್. ಈ ಕೋಣೆ ಒಣಗಿರಬೇಕು. ಇಲ್ಲಿ ಎಣ್ಣೆ ಕಂಡರೆ ತಪ್ಪು ಕವರ್‌ನದಲ್ಲ, ಒಳಗಿನ ಆಯಿಲ್ ಸೀಲ್‌ನದು. ಎಷ್ಟೇ ಗಟ್ಟಿಯಾಗಿ ಕವರ್ ಮುಚ್ಚಿದರೂ ಆ ದೋಷ ನಿವಾರಣೆಯಾಗದು.

ಮೊದಲು ಸೋರಿಕೆಯ ಮೂಲ ಪತ್ತೆ

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಬೈಕ್ ಓಡುವಾಗ ಗಾಳಿಯ ರಭಸಕ್ಕೆ ಎಣ್ಣೆ ಹಿಂದಕ್ಕೆ ಹರಡುತ್ತದೆ, ನಿಂತಾಗ ತಗ್ಗಿಗೆ ಇಳಿಯುತ್ತದೆ. ಆದ್ದರಿಂದ ಮೊದಲು ಎಂಜಿನ್‌ನ ಹೊರಮೈಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಾಗೂ ಬ್ರಷ್‌ನಿಂದ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಬೇಕು. ನಂತರ ಕವರ್‌ನ ಅಂಚಿನುದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಬೇಕು. ಎಣ್ಣೆ ಎಲ್ಲಿ ಜಿನುಗುತ್ತಿದೆಯೋ ಅಲ್ಲಿ ಪೌಡರ್ ಕಪ್ಪಾಗಿ ತೊಯ್ಯುತ್ತದೆ.

ಹೀಗೆ ನೋಡುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಗೇರ್‌ಬಾಕ್ಸ್‌ನೊಳಗಿನ ಬಿಸಿಗಾಳಿ ಹೊರಹೋಗುವ ಕಿರುರಂಧ್ರ ಧೂಳಿನಿಂದ ಮುಚ್ಚಿಕೊಂಡಿದ್ದರೆ ಒಳಗಿನ ಒತ್ತಡ ಹೆಚ್ಚಿ, ಒಳ್ಳೆಯ ಪ್ಯಾಕಿಂಗ್ ಇದ್ದರೂ ಎಣ್ಣೆ ಹೊರಕ್ಕೆ ತಳ್ಳಲ್ಪಡುತ್ತದೆ. ಚಳ್ಳಕೆರೆ, ಮೊಳಕಾಲ್ಮುರಿನಂತಹ ಧೂಳಿನ ಸೀಮೆಯಲ್ಲಿ ಇದನ್ನು ಮೊದಲು ಪರೀಕ್ಷಿಸುವುದು ಸೂಕ್ತ. ಎರಡನೆಯದಾಗಿ, ಹಿಂಬದಿ ಚೈನ್ ಎಳೆಯುವ ಸ್ಪ್ರಾಕೆಟ್‌ನ ಹಿಂದಿನ ಸೀಲ್ ಸೋರಿದರೂ ಎಣ್ಣೆ ಕವರ್‌ನ ಕೆಳಗೇ ಬಂದು ತೊಟ್ಟಿಕ್ಕಬಹುದು.

ಮೂರನೆಯದು ಹೆಚ್ಚು ಗಂಭೀರವಾದುದು. ಹೊರಗೆ ಎಲ್ಲೂ ಸೋರದೆ ಗೇರ್ ಎಣ್ಣೆ ಕಡಿಮೆಯಾಗುತ್ತಿದ್ದು, ಸೈಲೆನ್ಸರ್‌ನಿಂದ ದಟ್ಟವಾದ ಹೊಗೆ ಬರುತ್ತಿದ್ದರೆ ಕ್ರ್ಯಾಂಕ್‌ನ ಎಡಬದಿಯ ಸೀಲ್ ಸವೆದಿದೆ ಎಂದರ್ಥ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಕೋಣೆಯೇ ಇಂಧನವನ್ನು ಸೆಳೆಯುವುದರಿಂದ, ಸವೆದ ಸೀಲ್‌ನ ಮೂಲಕ ಗೇರ್ ಎಣ್ಣೆಯನ್ನೂ ಸೆಳೆದು ಸುಡುತ್ತದೆ. ಬಲಬದಿಯ ಸೀಲ್ ಸವೆದರೆ ಗಾಳಿ ಒಳನುಗ್ಗಿ ಇಂಧನದ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಅತಿಯಾಗಿ ಕಾಯ್ದು ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ.

ಬಿಚ್ಚುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕವರ್‌ಗೆ ಕೈಹಾಕಬೇಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿ ಎಂಜಿನ್‌ನಲ್ಲಿ ಉಕ್ಕಿನ ಸ್ಕ್ರೂಗಳು ಬಿಗಿದ ಸ್ಥಿತಿಯಲ್ಲಿರುತ್ತವೆ, ಕವರ್ ಡೊಂಕಾಗುವ ಸಂಭವವೂ ಇರುತ್ತದೆ. ಎಣ್ಣೆ ಇಳಿಸುವುದಕ್ಕೆ ಮಾತ್ರ ಎಂಜಿನ್ ಉಗುರುಬೆಚ್ಚಗಿರುವುದು ಒಳ್ಳೆಯದು. ಆದ್ದರಿಂದ ಹಿಂದಿನ ಸಂಜೆ ಎಣ್ಣೆ ಇಳಿಸಿ, ಮರುದಿನ ಬೆಳಿಗ್ಗೆ ಕವರ್ ಬಿಚ್ಚುವುದು ಅನುಕೂಲ. ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ ನೋಡಬೇಕು. ಹೊಳೆಯುವ ಲೋಹದ ಚೂರು ಕಂಡರೆ ಗೇರ್ ಅಥವಾ ಬೇರಿಂಗ್ ಸವೆದಿದೆ ಎಂದು ತಿಳಿಯಬೇಕು.

ಕಿಕ್ ಲಿವರ್ ಕಳಚುವಾಗ ಅದರ ಬೋಲ್ಟನ್ನು ಪೂರ್ತಿ ಸಡಿಲಿಸಿ, ಲಿವರ್ ಕುಳಿತ ಸ್ಥಾನವನ್ನು ಶಾಫ್ಟ್‌ನ ಮೇಲೆ ಗುರುತು ಹಾಕಿಕೊಳ್ಳಬೇಕು. ಶಾಫ್ಟ್‌ಗೆ ಸುತ್ತಿಗೆಯಿಂದ ಹೊಡೆಯಬಾರದು.

ಮೂಲ ಸ್ಕ್ರೂಗಳು ಸೀಳುತಲೆಯವು. ದಶಕಗಳಿಂದ ಅಲ್ಯೂಮಿನಿಯಂನೊಳಗೆ ಕುಳಿತು ಕಚ್ಚಿಕೊಂಡಿರುವ ಇವುಗಳನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ತಲೆ ಕಿತ್ತುಬರುತ್ತದೆ. ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಅಗಲದ ಬಾಯಿ ಇರುವ ಇಂಪ್ಯಾಕ್ಟ್ ಡ್ರೈವರ್ ಬಳಸಬೇಕು. ಹಿಂದಿನ ರಾತ್ರಿಯೇ ಪ್ರತಿ ಸ್ಕ್ರೂವಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಕೆಲಸ ಹಗುರ. ಎಲ್ಲ ಸ್ಕ್ರೂಗಳನ್ನೂ ಮೊದಲು ಅರ್ಧ ಸುತ್ತು ಸಡಿಲಿಸಿ, ನಂತರ ಎದುರುಬದುರಾಗಿ ತೆಗೆಯಬೇಕು. ಸ್ಕ್ರೂಗಳ ಉದ್ದ ಒಂದೇ ಆಗಿರುವುದಿಲ್ಲ. ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಯಾವ ಜಾಗದ ಸ್ಕ್ರೂವನ್ನು ಆ ಜಾಗದಲ್ಲೇ ಚುಚ್ಚಿಟ್ಟರೆ ಗೊಂದಲವಿರದು. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ಜಾಗಕ್ಕೆ ಹಾಕಿ ಬಿಗಿದರೆ ಎರಕವೇ ಒಡೆಯಬಹುದು.

ಸ್ಕ್ರೂಗಳೆಲ್ಲ ಬಂದರೂ ಕವರ್ ಬಿಡದಿರುವುದು ಸಹಜ. ಹಳೆಯ ಪ್ಯಾಕಿಂಗ್ ಅಂಟಿಕೊಂಡಿರುತ್ತದೆ. ಇಲ್ಲಿಯೇ ಅನೇಕರು ಆತುರಪಟ್ಟು ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುತ್ತಾರೆ. ಹೀಗೆ ಬಿದ್ದ ಒಂದೇ ಒಂದು ಗಾಯ ಮುಂದಿನ ಎಲ್ಲ ಸೋರಿಕೆಗಳಿಗೆ ಕಾಲುವೆಯಾಗುತ್ತದೆ. ಬದಲಾಗಿ ಮರದ ಅಥವಾ ರಬ್ಬರಿನ ಸುತ್ತಿಗೆಯಿಂದ ಕವರ್‌ನ ದಪ್ಪನೆಯ ಭಾಗದಲ್ಲಿ ಸುತ್ತಲೂ ಮೆಲ್ಲನೆ ತಟ್ಟುತ್ತಾ ಹೋದರೆ ತಾನಾಗಿ ಸಡಿಲವಾಗುತ್ತದೆ. ಕವರ್ ಕೈಗೆ ಬಂದ ಕೂಡಲೆ ಒಳಗಿನ ವಾಷರ್, ಸ್ಪ್ರಿಂಗ್‌ಗಳು ಕುಳಿತಿರುವ ಕ್ರಮವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಮೈ ಶುಚಿ, ಮಟ್ಟ ಸರಿ

ಎಣ್ಣೆ ಸೋರದಂತೆ ತಡೆಯುವುದು ಮುಖ್ಯವಾಗಿ ಎರಡು ಲೋಹಗಳ ಸಮತಟ್ಟಾದ ಮೈ. ಪ್ಯಾಕಿಂಗ್ ಅದಕ್ಕೆ ಸಹಾಯಕ ಮಾತ್ರ. ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆಯದೆ, ಗಟ್ಟಿ ಪ್ಲಾಸ್ಟಿಕ್ ಅಥವಾ ಬಿದಿರಿನ ಪಟ್ಟಿಯಿಂದ ಬಿಡಿಸಬೇಕು. ಹಿಂದೆ ಶೆಲ್ಯಾಕ್ ಹಚ್ಚಿದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿಟ್ಟರೆ ಅದು ಕರಗುತ್ತದೆ. ಕೆರೆದ ಚೂರುಗಳು ಕ್ಲಚ್‌ನೊಳಗೆ ಬೀಳದಂತೆ ಶುಚಿಯಾದ ಬಟ್ಟೆ ಮುಚ್ಚಿಟ್ಟಿರಬೇಕು.

ಅನಂತರ ಕವರನ್ನು ದಪ್ಪ ಗಾಜಿನ ಹಲಗೆಯ ಮೇಲೆ ಬೋರಲಾಗಿಟ್ಟು, ಮೂಲೆಗಳನ್ನು ಒತ್ತಿ ನೋಡಬೇಕು. ಅಲುಗಾಡಿದರೆ ಕವರ್ ಡೊಂಕಾಗಿದೆ. ಸ್ವಲ್ಪವೇ ಡೊಂಕಿದ್ದರೆ ಗಾಜಿನ ಮೇಲೆ 400 ನಂಬರಿನ ಉಪ್ಪುಕಾಗದ ಹರಡಿ, ತುಸು ಎಣ್ಣೆ ಬಿಟ್ಟು, ಕವರನ್ನು ಎಂಟರ ಆಕಾರದಲ್ಲಿ ಮೆಲ್ಲನೆ ಉಜ್ಜಬೇಕು. ಅಂಚಿನ ಬಣ್ಣ ಎಲ್ಲೆಡೆ ಒಂದೇ ಸಮನಾಗಿ ಕಂಡಾಗ ನಿಲ್ಲಿಸಬೇಕು. ಹೆಚ್ಚು ಡೊಂಕಿದ್ದರೆ ಅದು ಲೇತ್ ವರ್ಕ್‌ಶಾಪಿನ ಕೆಲಸ. ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ ಎಂದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಈ ಸೀಮೆಯ ಜನ ಹೇಳುವ ಮಾತು ಈ ಹಂತಕ್ಕೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಕಳೆದ ಒಂದು ಗಂಟೆ ಮುಂದೆ ವರ್ಷಗಟ್ಟಲೆ ಫಲ ಕೊಡುತ್ತದೆ.

ಶಾಫ್ಟ್‌ನ ರಂಧ್ರದಲ್ಲಿರುವ ರಬ್ಬರ್ ಉಂಗುರವನ್ನು ಈಗಲೇ ಬದಲಿಸಬೇಕು. ಹಳೆಯದು ನೋಡಲು ಚೆನ್ನಾಗಿದ್ದರೂ ಗಟ್ಟಿಯಾಗಿರುತ್ತದೆ. ಕ್ರ್ಯಾಂಕ್ ಸೀಲ್ ಸಂಶಯಾಸ್ಪದವಾಗಿದ್ದರೆ ಅದನ್ನು ಬದಲಿಸಲೂ ಇದೇ ತಕ್ಕ ಸಮಯ. ಆದರೆ ಅದಕ್ಕೆ ಪ್ರೈಮರಿ ಚೈನ್ ಮತ್ತು ಕ್ಲಚ್ ಕಳಚಬೇಕಾಗುವುದರಿಂದ ಸೂಕ್ತ ಪುಲ್ಲರ್ ಇಲ್ಲದೆ ಮುಂದುವರಿಯಬಾರದು.

ಪ್ಯಾಕಿಂಗ್ ಮತ್ತು ಅಂಟು

ಸಿದ್ಧ ಪ್ಯಾಕಿಂಗ್ ಸಿಗದಿದ್ದರೆ ಅರ್ಧ ಮಿ.ಮೀ. ದಪ್ಪದ ಪ್ಯಾಕಿಂಗ್ ಕಾಗದದಿಂದ ಕೈಯಲ್ಲೇ ಮಾಡಿಕೊಳ್ಳಬಹುದು. ಕಾಗದವನ್ನು ಕವರ್‌ನ ಮೇಲೆ ಹಾಸಿ, ಎಣ್ಣೆ ಹಚ್ಚಿದ ಬೆರಳಿನಿಂದ ಅಂಚಿನುದ್ದಕ್ಕೂ ಒತ್ತಿ ಉಜ್ಜಿದರೆ ಅಚ್ಚು ಮೂಡುತ್ತದೆ. ಆ ಗೆರೆಯಗುಂಟ ಕತ್ತರಿಸಿದರಾಯಿತು. ಸುತ್ತಿಗೆಯಿಂದ ಬಡಿದು ಅಚ್ಚು ತೆಗೆಯುವ ರೂಢಿ ಇದೆಯಾದರೂ ಅದು ಕವರ್‌ನ ಅಂಚನ್ನು ಜಜ್ಜುತ್ತದೆ. ಸೋರದಿರಲೆಂದು ಎರಡು ಪ್ಯಾಕಿಂಗ್ ಒಟ್ಟಿಗೆ ಹಾಕುವುದೂ ತಪ್ಪು. ಒಳಗಿನ ಶಾಫ್ಟ್‌ಗಳ ಪಕ್ಕದ ಸಡಿಲು ಇದರಿಂದ ಹೆಚ್ಚುತ್ತದೆ.

ಅಂಟು ಹಚ್ಚುವುದಾದರೆ ಒಂದೇ ಮೈಗೆ, ತೆಳುವಾದ ಪೊರೆಯಷ್ಟೇ ಸಾಕು. ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಹಚ್ಚುವುದು ಇತ್ತೀಚಿನ ಚಾಳಿ. ಹೊರಗೆ ಎಷ್ಟು ಉಬ್ಬಿ ಬಂದಿರುತ್ತದೆಯೋ ಅಷ್ಟೇ ಒಳಗೂ ಉಬ್ಬಿರುತ್ತದೆ. ಆ ಚೂರುಗಳು ಕಳಚಿಬಿದ್ದು ಎಣ್ಣೆಯ ದಾರಿಗಳನ್ನು ಮುಚ್ಚುತ್ತವೆ. ಸಾಮಾನ್ಯ ಸಿಲಿಕೋನ್ ಪೆಟ್ರೋಲ್ ತಗುಲಿದರೆ ಊದಿಕೊಳ್ಳುತ್ತದೆ. ಆದ್ದರಿಂದ ಇಂಧನ ಸೋಕುವ ಕ್ರ್ಯಾಂಕ್ ಕೋಣೆಯ ಜೋಡಣೆಗೆ ಅದು ತಕ್ಕುದಲ್ಲ.

ಬಿಗಿಯುವ ಹದ

ಕವರನ್ನು ನೇರವಾಗಿ ತಳ್ಳಿ ಕೂರಿಸಿ, ಎಲ್ಲ ಸ್ಕ್ರೂಗಳನ್ನೂ ಬೆರಳಿನಿಂದಲೇ ಹಿಡಿಸಬೇಕು. ಅನಂತರ ಮಧ್ಯದಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಅಲ್ಯೂಮಿನಿಯಂನಲ್ಲಿ ಕೂರುವ 6 ಮಿ.ಮೀ. ಸ್ಕ್ರೂಗೆ ಸುಮಾರು 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು. ಅಂದರೆ ಮಣಿಕಟ್ಟಿನ ಬಲ, ತೋಳಿನ ಬಲವಲ್ಲ. ಮರೆ ಸವೆದಿದ್ದರೆ ದಪ್ಪ ಸ್ಕ್ರೂ ತುರುಕದೆ, ಹೊಸ ಮರೆಯ ಉಕ್ಕಿನ ಒಳಸುರುಳಿ ಕೂರಿಸಿಕೊಳ್ಳುವುದು ಶಾಶ್ವತ ಪರಿಹಾರ.

ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿರುವ ದರ್ಜೆ ಮತ್ತು ಪ್ರಮಾಣದಲ್ಲೇ ತುಂಬಬೇಕು. ಘರ್ಷಣೆ ತಗ್ಗಿಸುವ ದ್ರವ್ಯ ಬೆರೆಸಿದ ಕಾರಿನ ಎಣ್ಣೆ ಹಾಕಿದರೆ, ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವ ಈ ಕ್ಲಚ್ ಜಾರತೊಡಗುತ್ತದೆ. ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುವ ವ್ಯವಸ್ಥೆ ಈ ಬೈಕುಗಳಲ್ಲಿರುವುದರಿಂದ, ಜೋಡಿಸಿದ ಮೇಲೆ ಕ್ಲಚ್‌ನ ಸಡಿಲನ್ನು ಪುನಃ ಹೊಂದಿಸಬೇಕು. ಇಪ್ಪತ್ತು ಕಿ.ಮೀ. ಓಡಿಸಿ, ಪೂರ್ತಿ ತಣ್ಣಗಾದ ಬಳಿಕ ಸ್ಕ್ರೂಗಳನ್ನು ಒಮ್ಮೆ ಪರೀಕ್ಷಿಸಿದರೆ ಕೆಲಸ ಮುಗಿದಂತೆ.

ಇಳಿಸಿದ ಹಳೆಯ ಎಣ್ಣೆಯನ್ನು ನೆಲಕ್ಕೆ ಚೆಲ್ಲಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದು ಸೇರುತ್ತದೆ. ಕೊಳವೆಬಾವಿಯ ನೀರನ್ನೇ ನಂಬಿದ ಊರುಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ಹಳೆಯ ಕಾರುಗಳಿಗೂ ಇದೇ ತತ್ವ

ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರುಗಳಿಗಾಗಲಿ, ವಿದೇಶಿ ಸ್ಪೋರ್ಟ್ಸ್ ಕಾರುಗಳಿಗಾಗಲಿ ಮೂಲತತ್ವ ಬೇರೆಯಲ್ಲ. ತಗಡಿನ ಟ್ಯಾಪೆಟ್ ಕವರ್ ಮತ್ತು ಬೆಂಡಿನ ಪ್ಯಾಕಿಂಗ್ ಇರುವ ಎಂಜಿನ್‌ಗಳಲ್ಲಿ ಸೋರಿಕೆ ನಿಲ್ಲಲೆಂದು ಹೆಚ್ಚು ಬಿಗಿದಷ್ಟೂ ಬೋಲ್ಟ್ ರಂಧ್ರದ ಸುತ್ತ ತಗಡು ಒಳಗೆ ಬಾಗುತ್ತದೆ, ನಡುವಿನ ಭಾಗ ಮೇಲೇಳುತ್ತದೆ, ಸೋರಿಕೆ ಹೆಚ್ಚುತ್ತದೆ. ಬಾಗಿದ ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು ತಟ್ಟಿ ಸರಿಪಡಿಸಿದ ಮೇಲೆಯೇ ಹೊಸ ಪ್ಯಾಕಿಂಗ್ ಹಾಕಬೇಕು.

ಮೂಲ ಭಾಗದ ಮೌಲ್ಯ

ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರ ವಾಹನಗಳನ್ನು ವಿಂಟೇಜ್ ವಾಹನಗಳೆಂದು ಪರಿಗಣಿಸಿತು. ಎಂಜಿನ್, ಚಾಸಿ, ದೇಹಭಾಗಗಳಲ್ಲಿ ಗಣನೀಯ ಮಾರ್ಪಾಡು ಇರಬಾರದು ಎಂಬುದು ಅದರ ಷರತ್ತು. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಉದ್ದೇಶಗಳಿಗೆ ಬಿಟ್ಟು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೈಸೂರಿನಲ್ಲಿ ಅರವತ್ತರ ದಶಕದಲ್ಲಿ ತಯಾರಾದ ಜಾವಾಗಳೆಲ್ಲ ಈಗ ಈ ವಯಸ್ಸನ್ನು ದಾಟಿವೆ.

ದಿನನಿತ್ಯ ಓಡಿಸುವವರಿಗೂ, ಜತನವಾಗಿ ಇಟ್ಟುಕೊಂಡವರಿಗೂ ಈ ಕೆಲಸದಲ್ಲಿ ಪಾಲಿಸಬೇಕಾದ ಎಚ್ಚರ ಒಂದೇ. ಮೆಕ್ಯಾನಿಕ್ ಬಳಿ ಬೈಕ್ ಬಿಡುವಾಗ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ ಎಂದು ಮೊದಲೇ ಹೇಳುವುದು ಸಂಕೋಚದ ಮಾತಲ್ಲ. ಒಂದು ದಿನ ಹೆಚ್ಚು ಹಿಡಿದರೂ ಚಿಂತೆಯಿಲ್ಲವೆಂದು ಅವರಿಗೆ ತಿಳಿಸಿದರೆ ಕವರ್ ಉಳಿಯುತ್ತದೆ.