ಕ್ಷುದ್ರಗ್ರಹ

‘ಭೂಮಿಯ ಸಮೀಪ ಹಾದುಹೋದ ಕ್ಷುದ್ರಗ್ರಹ’ ಎಂಬ ತಲೆಬರಹ ಕಂಡು ಮಾಟಮಂತ್ರದ ನೆನಪಾದರೆ ಅದು ಓದುಗರ ತಪ್ಪಲ್ಲ. ಕ್ಷುದ್ರಶಕ್ತಿ, ಕ್ಷುದ್ರಬುದ್ಧಿಗಳ ಸಹವಾಸದಿಂದ ಪದಕ್ಕೆ ಕೆಟ್ಟ ಹೆಸರು ಬಂದಿದೆ. ಆದರೆ ಸಂಸ್ಕೃತದ ‘ಕ್ಷುದ್’ ಧಾತುವಿಗೆ ಕುಟ್ಟು, ಪುಡಿಮಾಡು ಎಂಬ ಅರ್ಥ. ಇಂಗ್ಲಿಷಿನ ‘ಆಸ್ಟರಾಯ್ಡ್’ ಪದಕ್ಕಿಂತ ಇದು ಸತ್ಯಕ್ಕೆ ಹತ್ತಿರ. 1802ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಬಳಕೆಗೆ ತಂದ ಆ ಪದದ ಅರ್ಥ ‘ನಕ್ಷತ್ರದಂಥದ್ದು’. ದೂರದರ್ಶಕದಲ್ಲಿ ಬರೀ ಚುಕ್ಕಿಯಾಗಿ ಕಂಡದ್ದಷ್ಟೇ ಅದಕ್ಕೆ ಆಧಾರ. ನಕ್ಷತ್ರದ ಗುಣ ಕ್ಷುದ್ರಗ್ರಹಗಳಲ್ಲಿ ಒಂದೂ ಇಲ್ಲ. ಸುಮಾರು 500 ಮೀಟರ್ ಅಗಲದ ‘ಬೆನ್ನು’ ಎಂಬ ಕ್ಷುದ್ರಗ್ರಹವನ್ನೇ ನೋಡಿ. 2020ರಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಮಾದರಿ ತೆಗೆಯಲು ತೋಳು ಚಾಚಿದಾಗ ಗಟ್ಟಿ ನೆಲ ಸಿಗಲೇ ಇಲ್ಲ. ತೋಳು ಸಡಿಲ ಜಲ್ಲಿಯೊಳಗೆ ಹೆಚ್ಚುಕಡಿಮೆ ಅರ್ಧ ಮೀಟರ್ ಇಳಿದುಹೋಯಿತು. ಡಿಕ್ಕಿಗಳಲ್ಲಿ ಪುಡಿಯಾದ ಕಲ್ಲುಗಳು ದುರ್ಬಲ ಗುರುತ್ವದಿಂದ ಒಟ್ಟುಗೂಡಿದ ರಾಶಿ ಅದು.

ಹಾಗಿದ್ದರೆ ಕಳಂಕವಿಲ್ಲದ ‘ಕಿರುಗ್ರಹ’ ಸಾಲದೇ ಎಂದು ಕೇಳಬಹುದು. ಕಿವಿಗೆ ಹಿತವೇನೋ ಹೌದು. ತೊಡಕು ಇರುವುದು ‘ಕುಬ್ಜಗ್ರಹ’ದ ಜೊತೆ. 1801ರಲ್ಲಿ ಖಗೋಳಜ್ಞ ಪಿಯಾಜಿ ಕಂಡುಹಿಡಿದ ಸಿರಿಸ್, ಸುಮಾರು 940 ಕಿ.ಮೀ. ವ್ಯಾಸದ್ದು, ತನ್ನ ಗುರುತ್ವದಿಂದಲೇ ಗುಂಡಗಾಗಿದೆ. 2006ರಿಂದ ಅದು ಕುಬ್ಜಗ್ರಹ. ಕಿರಿದು, ಕುಬ್ಜ ಎರಡೂ ಅಳತೆಯನ್ನೇ ಹೇಳುವುದರಿಂದ ಸಿರಿಸ್‌ಗೂ ಬೆನ್ನುವಿಗೂ ಇರುವ ಅಂತರ ಅಲ್ಲಿ ಮಸುಕಾಗುತ್ತದೆ. ಜಲ್ಲಿರಾಶಿಗೆ ‘ಗ್ರಹ’ ಎಂಬ ಪದವಿ ಯಾಕೆ ಎನ್ನುವ ಆಕ್ಷೇಪವೇ ಹೆಚ್ಚು ನ್ಯಾಯವಾದದ್ದು. ಆದರೆ ಸೂರ್ಯಚಂದ್ರರನ್ನೂ ರಾಹುಕೇತುಗಳನ್ನೂ ನವಗ್ರಹಗಳಲ್ಲಿ ಕೂರಿಸಿದ ಪದ ಅದು, ಮೊದಲಿನಿಂದಲೂ ಅದರ ಕೈ ಧಾರಾಳ.